ಜಡಿಮಳೆಯ ಊರಿನಲ್ಲಿ ಪುಟ್ಟ ಕಳ್ಳಿ: ಮರಿ ಮಾಡುವುದು, ಮಳೆಗಾಲ ದಾಟಿಸುವುದು

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಕುಂಡದ ಕಳ್ಳಿ (ಕ್ಯಾಕ್ಟಸ್) ಸಾಯುವುದು ಬೇಸಿಗೆಯಲ್ಲಲ್ಲ, ಆರಿದ್ರಾ ಮಳೆಗೂ ಮಘೆ ಮಳೆಗೂ ನಡುವೆ. ಮೇಲೆ ಮುಳ್ಳೆಲ್ಲ ಹಸನಾಗಿಯೇ ಇರುತ್ತವೆ. ಒಂದು ದಿನ ಕುಂಡ ಸರಿಸಲು ಹೋದರೆ ಗಿಡ ಹಾಗೇ ಕೈಗೆ ಬರುತ್ತದೆ, ಬುಡ ಕೊಳೆತ ಬಾಳೆಹಣ್ಣಿನಂತಾಗಿರುತ್ತದೆ. ಇದೇ ಗಿಡ ಕಡೂರು, ಬೀರೂರು, ಅರಸೀಕೆರೆಯಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಯಾರೂ ತಿರುಗಿ ನೋಡದಿದ್ದರೂ ವರ್ಷಗಟ್ಟಲೆ ಬದುಕಿರುತ್ತದೆ. ಆದ್ದರಿಂದ ‘ವಾರಕ್ಕೊಮ್ಮೆ ನೀರು’ ಎಂಬ ಎಲ್ಲರ ಬಾಯಲ್ಲೂ ಇರುವ ಲೆಕ್ಕ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಗೆ ಆಗಿಬರುವುದಿಲ್ಲ. ಊರು ನೋಡಿ, ತಿಂಗಳು ನೋಡಿ ನೀರು.

ಕಾರಣ ಸರಳ. ಕಳ್ಳಿಗಳ ತವರು ಅಮೆರಿಕ ಖಂಡಗಳು. ಮನೆಯಲ್ಲಿ ಬೆಳೆಸುವ ಪುಟ್ಟ ಜಾತಿಗಳಲ್ಲಿ ಹೆಚ್ಚಿನವು ಮೆಕ್ಸಿಕೊ, ಬೊಲಿವಿಯಾ, ಅರ್ಜೆಂಟೀನಾದವು. ಅಲ್ಲಿ ಮಳೆ ಬರುವುದು ಬೆಚ್ಚಗಿನ ತಿಂಗಳುಗಳಲ್ಲಿ, ಸುರಿದ ಮರುದಿನವೇ ಚುರುಕು ಬಿಸಿಲು. ನಮ್ಮಲ್ಲಿ ಮಳೆಯ ಜೊತೆಗೇ ಮೋಡ, ಮಂಜು, ತಂಪು. ಬಿಸಿಲಿಲ್ಲದಾಗ ಗಿಡ ನೀರು ಎಳೆಯುವುದಿಲ್ಲ, ಮಣ್ಣು ಒಣಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಉಳಿದ ಕೆಲಸವನ್ನು ಶಿಲೀಂಧ್ರ ಮುಗಿಸುತ್ತದೆ, ಅಡಿಕೆಗೆ ಬರುವ ಕೊಳೆರೋಗದಂತೆಯೇ. ಹಾಗಾಗಿ ಇಲ್ಲಿ ಗಿಡದ ವರ್ಷವನ್ನು ನಾವೇ ತಿರುಗಿಸಿ ಹಾಕಬೇಕು: ಫೆಬ್ರವರಿಯಿಂದ ಮೇವರೆಗೆ ಮತ್ತು ಅಕ್ಟೋಬರ್, ನವೆಂಬರ್‌ನಲ್ಲಿ ಬೆಳವಣಿಗೆ, ಜೂನ್‌ನಿಂದ ಸೆಪ್ಟೆಂಬರ್ ಒಂದು ನಿದ್ದೆ, ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೊಂದು ಸಣ್ಣ ನಿದ್ದೆ. ಈ ಚಳಿಯ ನಿದ್ದೆ ನಮಗೆ ಲಾಭವೇ. ರೆಬುಟಿಯಾ, ಕಡಲೆಕಾಯಿ ಕಳ್ಳಿಯಂಥವು ತಂಪಾದ ಒಣ ದಿನಗಳನ್ನು ಕಾಣದೆ ಸರಿಯಾಗಿ ಹೂ ಕಟ್ಟುವುದಿಲ್ಲ. ಮಂಗಳೂರಿನ ಸೆಕೆಯಲ್ಲಿ ಅದು ಕಷ್ಟ, ಚಿಕ್ಕಮಗಳೂರಿನಲ್ಲಿ ತಾನಾಗಿಯೇ ಆಗುತ್ತದೆ.

ಯಾವುದನ್ನು ತರಬೇಕು

ಮೊದಲ ಗಿಡಕ್ಕೆ ಮೂರು ಹೆಸರು ಸಾಕು. ನರ್ಸರಿಯವರು ಪೀನಟ್ ಕ್ಯಾಕ್ಟಸ್ ಎನ್ನುವ ಕಡಲೆಕಾಯಿ ಕಳ್ಳಿ: ಕಿರುಬೆರಳಿನಂಥ ಕಾಂಡಗಳು, ಕಿತ್ತಳೆಗೆಂಪು ಹೂ. ಅರ್ಜೆಂಟೀನಾದ ಬೆಟ್ಟದ ಗಿಡವಾದ್ದರಿಂದ ನಮ್ಮ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಎರಡನೆಯದು ಮ್ಯಾಮಿಲೇರಿಯಾ ಗ್ರಾಸಿಲಿಸ್, ಮೈತುಂಬ ಬೆಳ್ಳಗಿನ ಮುಳ್ಳು, ಸುತ್ತಲೂ ಗೋಲಿಯಂಥ ಮರಿಗಳು. ಮೂರನೆಯದು ಜಿಮ್ನೋಕ್ಯಾಲಿಸಿಯಮ್. ತವರಿನಲ್ಲಿ ಹುಲ್ಲು, ಪೊದೆಗಳ ಮರೆಯಲ್ಲಿ ಬೆಳೆಯುವ ಜಾತಿಯಾದ್ದರಿಂದ ಅರೆಬಿಸಿಲಿನ ಕಿಟಕಿಯಲ್ಲೂ ಹೊಂದಿಕೊಳ್ಳುತ್ತದೆ. ಮೊಲದ ಕಿವಿಯಂಥ ಬನ್ನಿ ಇಯರ್ ಕಳ್ಳಿ ನೋಡಲು ಚೆಂದ, ಆದರೆ ಮಕ್ಕಳಿರುವ ಮನೆಗೆ ಬೇಡ. ಅದರ ಹಳದಿ ಚುಕ್ಕಿಗಳೆಲ್ಲ ನೂರಾರು ಸುಂಕುಮುಳ್ಳುಗಳ ಗೊಂಚಲು. ಮುಟ್ಟಿದರೆ ಸಾಕು, ಚರ್ಮಕ್ಕೆ ಇಳಿದು ದಿನವಿಡೀ ನವೆ. ಚುಚ್ಚಿಕೊಂಡರೆ ಉಜ್ಜಬೇಡಿ. ಸೆಲ್ಲೋಟೇಪ್ ಒತ್ತಿ ಎಳೆಯಿರಿ, ಉಳಿದದ್ದಕ್ಕೆ ಚಿಮಟ.

ಫಲಪುಷ್ಪ ಪ್ರದರ್ಶನದ ಮಳಿಗೆಯಲ್ಲೋ ನರ್ಸರಿಯಲ್ಲೋ ಕೊಳ್ಳುವಾಗ ನೆತ್ತಿಯ ಮೇಲೆ ಬಣ್ಣಬಣ್ಣದ ಕಾಗದದಂಥ ಹೂವಿದ್ದರೆ ಹತ್ತಿರದಿಂದ ನೋಡಿ. ಎಷ್ಟೋ ಸಲ ಅದು ಒಣಹೂವನ್ನು ಗೋಂದಿನಿಂದ ಅಂಟಿಸಿದ್ದು. ಹೂ ಕಿತ್ತರೆ ನೆತ್ತಿಗೆ ಗಾಯ, ಬಿಟ್ಟರೆ ಬೆಳವಣಿಗೆಗೆ ಅಡ್ಡಿ. ಕೊಳ್ಳದಿರುವುದೇ ಒಳ್ಳೆಯದು. ಮುಳ್ಳಿರುವುದೆಲ್ಲ ಕ್ಯಾಕ್ಟಸ್ ಜಾತಿಯೂ ಅಲ್ಲ. ನಿಜವಾದ ಕ್ಯಾಕ್ಟಸ್‌ನಲ್ಲಿ ಮುಳ್ಳು, ಹೂ, ಮರಿ ಎಲ್ಲ ಹೊರಡುವುದು ಹತ್ತಿಯಂಥ ಒಂದು ಸಣ್ಣ ಗಂಟಿನಿಂದ. ಆ ಗಂಟಿಲ್ಲದೆ, ಗೀರಿದರೆ ಹಾಲು ಬಂದರೆ ಅದು ಯುಫೋರ್ಬಿಯಾ. ನಮ್ಮ ಬೇಲಿಯ ಹಾಲುಗಳ್ಳಿಯ ಬಳಗ. ಆ ಹಾಲು ಕಣ್ಣಿಗೆ ತಾಗಬಾರದು.

ಮಣ್ಣು

ತೋಟದ ಕರಿ ಎಲೆಮಣ್ಣು ಕಾಫಿ ಗಿಡಕ್ಕೆ ಅಮೃತ, ಕಳ್ಳಿಗೆ ವಿಷ. ತೇವ ಹಿಡಿದಿಡುವ ಗುಣವೇ ಇಲ್ಲಿ ಮುಳುವು. ಮಲೆನಾಡಿನ ಕೆಂಪು ಜೇಡಿಯೂ ಅಷ್ಟೇ, ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಒಂದು ಲೀಟರ್ ಮಗ್ ಹಿಡಿದುಕೊಂಡು ಹೀಗೆ ಅಳೆಯಿರಿ:

ಒಡೆದ ಹೆಂಚು ಅಥವಾ ಇಟ್ಟಿಗೆ ಚೂರು 2 ಮಗ್
ತೊಳೆದ ದಪ್ಪ ಮರಳು 1 ಮಗ್
ಇದ್ದಿಲ ಚೂರು ಅರ್ಧ ಮಗ್
ಜರಡಿ ಹಿಡಿದ ಹಳೆಯ ಎರೆಗೊಬ್ಬರ 1 ಮಗ್
ಕೆಂಪು ಮಣ್ಣು ಅರ್ಧ ಮಗ್

ಇದು ಮೂರಿಂಚಿನ ಸುಮಾರು 20 ಕುಂಡಗಳಿಗೆ ಸಾಲುತ್ತದೆ. ಮೇಲಿನದು ಅರಸೀಕೆರೆ, ಕಡೂರು ಕಡೆಯ ಅಳತೆ. ಘಟ್ಟದ ಅಂಚಿನವರು ಎರೆಗೊಬ್ಬರವನ್ನು ಅರ್ಧ ಮಗ್ಗಿಗೆ ಇಳಿಸಿ, ಆ ಜಾಗಕ್ಕೆ ಇನ್ನರ್ಧ ಮಗ್ ಹೆಂಚಿನ ಚೂರು ಸೇರಿಸಬೇಕು. ಚೂರು ಕಾಳುಮೆಣಸಿನ ಗಾತ್ರಕ್ಕಿಂತ ಸಣ್ಣದಾಗಬಾರದು, ಕಾಫಿ ಬೀಜಕ್ಕಿಂತ ದೊಡ್ಡದಾಗಬಾರದು. ಹಳೆಯ ಮಂಗಳೂರು ಹೆಂಚು ಇದಕ್ಕೆ ಹೇಳಿ ಮಾಡಿಸಿದ ಮಾಲು: ನೀರು ಹೀರಿ ನಿಧಾನಕ್ಕೆ ಬಿಡುತ್ತದೆ, ನಡುವೆ ಗಾಳಿಗೂ ಜಾಗ ಕೊಡುತ್ತದೆ. ಹಿತ್ತಿಲಲ್ಲಿ ಬಿದ್ದಿರುವುದನ್ನು ಗೋಣಿಚೀಲದೊಳಗಿಟ್ಟು ಸುತ್ತಿಗೆಯಿಂದ ಕುಟ್ಟಿ, ಜರಡಿ ಹಿಡಿದು ದೂಳು ತೆಗೆಯಿರಿ. ಆ ದೂಳು ಉಳಿದರೆ ಇಡೀ ಮಿಶ್ರಣ ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ. ನದಿ ಮರಳು ಸಿಗದೆ ಎಂ-ಸ್ಯಾಂಡ್ ಬಳಸುವವರು ಬಕೆಟ್‌ನಲ್ಲಿ ಹಾಕಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಲೇಬೇಕು. ಒಲೆಯ ಬೂದಿ ಬೇಡ, ಅದು ಕ್ಷಾರ. ಕಳ್ಳಿಗೆ ತುಸು ಹುಳಿ ಮಣ್ಣೇ ಇಷ್ಟ.

ಮಿಶ್ರಣ ಸರಿಯಾಗಿದೆಯೇ ಎಂದು ನೋಡಲು ಒದ್ದೆ ಮಾಡಿ ಒಂದು ಹಿಡಿ ಹಿಸುಕಿ. ಮುಷ್ಟಿ ಬಿಚ್ಚಿದೊಡನೆ ಉದುರಬೇಕು, ಉಂಡೆ ಕಟ್ಟಬಾರದು.

ಕುಂಡ ಗಿಡಕ್ಕಿಂತ ಸುತ್ತಲೂ ಒಂದು ಬೆರಳು ಅಗಲವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಮಣ್ಣಿನ ಕುಡಿಕೆ ಬಳಸುವುದಾದರೆ ಅದನ್ನು ಒಂದು ಗಂಟೆ ನೀರಿನಲ್ಲಿ ನೆನೆಸಿ, 6 ಮಿ.ಮೀ. ಕಾಂಕ್ರೀಟ್ ಬಿಟ್ ಹಾಕಿದ ಡ್ರಿಲ್ಲಿನಿಂದ, ಹ್ಯಾಮರ್ ಬಟನ್ ಒತ್ತದೆ, ಮೆಲ್ಲಗೆ ಮೂರು ತೂತು ಕೊರೆಯಿರಿ. ತೂತಿನ ಮೇಲೆ ಒಂದು ಹೆಂಚಿನ ಚಕ್ಕೆ ಅಥವಾ ಸೊಳ್ಳೆ ಪರದೆಯ ತುಂಡು ಸಾಕು. ತಳದಲ್ಲಿ ಎರಡಿಂಚು ಜಲ್ಲಿ ತುಂಬುವ ರೂಢಿಯಿಂದ ಲಾಭವಿಲ್ಲ. ನೀರು ಮಣ್ಣಿನಿಂದ ಜಲ್ಲಿಗೆ ಸಲೀಸಾಗಿ ಇಳಿಯದೆ ಅವೆರಡರ ನಡುವಿನ ಗಡಿಯಲ್ಲೇ ನಿಲ್ಲುತ್ತದೆ, ಒದ್ದೆ ಬೇರಿಗೆ ಇನ್ನಷ್ಟು ಹತ್ತಿರ ಬಂದಂತಾಗುತ್ತದೆ ಅಷ್ಟೆ. ಗಾಜಿನ ಬಟ್ಟಲಿನ ಅಲಂಕಾರಕ್ಕೆ ಕಳ್ಳಿಯನ್ನು ಬಲಿ ಕೊಡಬೇಡಿ.

ನರ್ಸರಿಯಿಂದ ತಂದ ಗಿಡ ಬಹುತೇಕ ಬರಿಯ ತೆಂಗಿನ ನಾರಿನ ಪುಡಿಯಲ್ಲಿರುತ್ತದೆ. ಅದು ಒಣಗಿದರೆ ನೀರನ್ನೇ ಹತ್ತಿರ ಸೇರಿಸದು, ಒದ್ದೆಯಾದರೆ ಒಣಗದು. ಒಣ ತಿಂಗಳುಗಳಲ್ಲಿ ತಂದಿದ್ದರೆ ಎರಡು ವಾರದೊಳಗೆ ಗಿಡ ಹೊರತೆಗೆದು, ಬೇರಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅಲ್ಲಾಡಿಸಿ ಬಿಡಿಸಿ, ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ, ಒಣ ಮಿಶ್ರಣದಲ್ಲಿ ನೆಡಿ. ಮೊದಲ ನೀರು ಒಂದು ವಾರದ ನಂತರ. ಹರಿದ ಬೇರಿನ ತುದಿಗಳು ಅಷ್ಟರಲ್ಲಿ ಮಾಯುತ್ತವೆ. ಗಿಡ ಹಿಡಿಯಲು ಕೈಗವಸಿಗಿಂತ, ಉದ್ದಕ್ಕೆ ನಾಲ್ಕು ಮಡಿಕೆ ಮಡಚಿದ ಪೇಪರ್ ಪಟ್ಟಿ ವಾಸಿ: ಗಿಡದ ಸೊಂಟಕ್ಕೆ ಸುತ್ತಿ ಎತ್ತಿ.

ನೀರು, ಬಿಸಿಲು

ಬೆಳೆಯುವ ತಿಂಗಳುಗಳಲ್ಲಿ ನೀರು ಕೊಟ್ಟರೆ ತೂತಿನಿಂದ ಹೊರಬರುವಷ್ಟು ಕೊಡಿ. ಆಮೇಲೆ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ದಿನಾ ಒಂದು ಚಮಚ ಚಿಮುಕಿಸುವ ಪದ್ಧತಿಯಲ್ಲಿ ಮೇಲೆ ಪಾಚಿ, ಕೆಳಗೆ ಒಣಬೇರು. ಒಣಗಿದೆಯೋ ಇಲ್ಲವೋ ಎಂದು ತಿಳಿಯಲು ಉರಿದು ಮುಗಿದ ಊದುಬತ್ತಿಯ ಕಡ್ಡಿ ಸಾಕು. ಅಂಚಿನಲ್ಲಿ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ; ಬಣ್ಣ ಗಾಢವಾಗಿದ್ದರೆ, ಮಣ್ಣು ಅಂಟಿದ್ದರೆ ಇನ್ನೂ ತೇವವಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಮೂರಿಂಚಿನ ಕುಂಡ ಅರಸೀಕೆರೆಯಲ್ಲಿ ಆರೇಳು ದಿನಕ್ಕೆ, ಚಿಕ್ಕಮಗಳೂರಿನಲ್ಲಿ ಹತ್ತು ಹನ್ನೆರಡು ದಿನಕ್ಕೆ ಒಣಗಬಹುದು. ಡಿಸೆಂಬರ್, ಜನವರಿಯಲ್ಲಿ ತಿಂಗಳಿಗೊಮ್ಮೆ, ಅದೂ ಬಿಸಿಲಿರುವ ಬೆಳಿಗ್ಗೆ. ಬಯಲು ಸೀಮೆಯ ಬೋರ್‌ವೆಲ್ ನೀರು ಗಡಸಾಗಿದ್ದರೆ ಗಿಡದ ಬುಡದಲ್ಲೂ ಕುಂಡದ ಅಂಚಿನಲ್ಲೂ ಬಿಳಿ ಪೊರೆ ಕಟ್ಟಿ, ಕ್ರಮೇಣ ಬೆಳವಣಿಗೆ ನಿಲ್ಲುತ್ತದೆ. ಎರಡು ಕ್ಯಾನ್ ಮಳೆನೀರು ಹಿಡಿದಿಟ್ಟರೆ ಕುಂಡಗಳಿಗೆ ವರ್ಷಪೂರ್ತಿ ಸಾಕು. ಗೊಬ್ಬರವೆಂದರೆ 19:19:19 ಪುಡಿ, ಲೀಟರ್ ನೀರಿಗೆ ಅರ್ಧ ಗ್ರಾಂ, ಮಾರ್ಚ್‌ನಿಂದ ಮೇವರೆಗೆ ತಿಂಗಳಿಗೊಂದು ಸಲ. ಸಗಣಿ ನೀರು ಬೇಡ.

ಬೆಳಗಿನ ನಾಲ್ಕೈದು ಗಂಟೆಯ ಬಿಸಿಲು ಬೇಕೇ ಬೇಕು. ಬೆಳಕು ಸಾಲದಿದ್ದರೆ ನೆತ್ತಿ ಚೂಪಾಗಿ ತಿಳಿಹಸಿರಾಗುತ್ತದೆ. ಅದನ್ನು ಬೆಳವಣಿಗೆ ಎಂದು ಖುಷಿಪಡುವವರೇ ಹೆಚ್ಚು. ಆ ಭಾಗ ಮತ್ತೆ ದಪ್ಪವಾಗುವುದಿಲ್ಲ. ಮಳೆಗಾಲವಿಡೀ ಒಳಗಿದ್ದ ಗಿಡವನ್ನು ಚಿತ್ತೆ ಮಳೆಯ ಹೊತ್ತಿಗೆ ಒಮ್ಮೆಲೇ ತಾರಸಿಗೆ ಒಯ್ದರೆ ಬಿಸಿಲ ಕಡೆಯ ಮೈ ಬೆಳ್ಳಗೆ ಸುಟ್ಟು ಕಲೆ ಉಳಿಯುತ್ತದೆ. ಹತ್ತು ಹದಿನೈದು ದಿನ, ದಿನಕ್ಕೆ ಒಂದರ್ಧ ಗಂಟೆ ಹೆಚ್ಚಿಸುತ್ತ ಹೊರಗೆ ತನ್ನಿ.

ಮರಿ ಮಾಡುವುದು

ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ಶುರು ಮಾಡಿ. ಏಪ್ರಿಲ್ ಕೊನೆಯೊಳಗೆ ಬೇರು ಬಂದಿರಬೇಕು, ಆಗ ಮಳೆ ಹಿಡಿಯುವ ಹೊತ್ತಿಗೆ ಮರಿ ತನ್ನ ಕಾಲ ಮೇಲೆ ನಿಂತಿರುತ್ತದೆ. ಜುಲೈಯಲ್ಲಿ ಯಾರಾದರೂ ಮರಿ ಕೊಟ್ಟರೆ ನೆಡಲು ಹೋಗಬೇಡಿ. ಪೇಪರ್ ಮೇಲೆ ಒಣಜಾಗದಲ್ಲಿ ಹಾಗೇ ಇಡಿ. ಸುಕ್ಕಾದರೂ ಸೆಪ್ಟೆಂಬರ್‌ವರೆಗೆ ತಾಳುತ್ತದೆ. ಒದ್ದೆ ಮಣ್ಣಿನಲ್ಲಿ ಹತ್ತು ದಿನ ತಾಳುವುದಿಲ್ಲ.

ಕಡಲೆಕಾಯಿ ಕಳ್ಳಿಯಿಂದ ಕಲಿಯುವುದು ಸುಲಭ.

1. ಮೂರರಿಂದ ಐದು ಸೆಂ.ಮೀ. ಉದ್ದದ, ಗಟ್ಟಿಯಾದ, ಕಲೆಯಿಲ್ಲದ ಐದಾರು ಬೆರಳುಗಳನ್ನು ಆರಿಸಿ. ಇಕ್ಕಳದಿಂದ ಹಿಡಿದು ಸ್ವಲ್ಪ ತಿರುಚಿದರೆ ಸಂದಿನಲ್ಲೇ ಬಿಟ್ಟುಕೊಳ್ಳುತ್ತದೆ. ಕತ್ತರಿಸುವ ಅಗತ್ಯವಿಲ್ಲ. ಗಾಯ ಸಣ್ಣದಿದ್ದಷ್ಟೂ ಬೇಗ ಮಾಯುತ್ತದೆ.

2. ನೆರಳಿನಲ್ಲಿ, ಗಾಳಿ ಆಡುವಲ್ಲಿ, ಪೇಪರ್ ಮೇಲೆ ನಾಲ್ಕೈದು ದಿನ ಬಿಡಿ. ಗಾಯದ ಮೇಲೆ ಒಣ ಹೊಪ್ಪಳೆಯಂತೆ ಕಟ್ಟಬೇಕು. ಅರಿಶಿನ, ದಾಲ್ಚಿನ್ನಿ ಪುಡಿ ಹಚ್ಚುವವರಿದ್ದಾರೆ. ಹಚ್ಚಿದರೆ ತೊಂದರೆಯಿಲ್ಲ, ಆದರೆ ಕೆಲಸ ಮಾಡುವುದು ಒಣಗಿದ ಗಾಯವೇ ಹೊರತು ಪುಡಿಯಲ್ಲ.

3. ನಾಲ್ಕಿಂಚಿನ ಅಗಲ ಕುಂಡಕ್ಕೆ ಒಣ ಮಿಶ್ರಣ ತುಂಬಿ, ಬೆರಳುಗಳನ್ನು ಅರ್ಧ ಸೆಂ.ಮೀ. ಆಳಕ್ಕೆ ನಿಲ್ಲಿಸಿ, ಇಲ್ಲವೇ ಮಲಗಿಸಿ. ಮಲಗಿಸಿದರೆ ಮಣ್ಣು ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಬೀಳುತ್ತದೆಂದು ಆಳಕ್ಕೆ ಹೂಳುವುದೇ ಹೆಚ್ಚಿನವರ ತಪ್ಪು. ಹೂತ ಭಾಗವೇ ಮೊದಲು ಕೊಳೆಯುವುದು. ಒರಗಲು ಎರಡು ಕಲ್ಲು ಇಡಿ.

4. ಏಳೆಂಟು ದಿನ ನೀರಿಲ್ಲ. ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಅಂಚಿನ ಸುತ್ತ ಎರಡು ಮೂರು ಚಮಚ. ನೇರ ಬಿಸಿಲು ಬೇಡ, ಬೆಳಕು ಧಾರಾಳವಾಗಿರಲಿ.

5. ಮೂರು ನಾಲ್ಕು ವಾರದ ಮೇಲೆ ಇಕ್ಕಳದಿಂದ ತುಸು ಎಳೆದು ನೋಡಿ. ಬಿಗಿ ಸಿಕ್ಕರೆ ಬೇರು ಬಂದಿದೆ. ಅಲ್ಲಿಂದ ದೊಡ್ಡ ಗಿಡದಂತೆಯೇ ನೀರು, ಬಿಸಿಲು.

ಮ್ಯಾಮಿಲೇರಿಯಾದ ಗೋಲಿಮರಿಗಳಿಗೂ ಇದೇ ದಾರಿ. ಗಾಯ ಇನ್ನೂ ಸಣ್ಣದಾದ್ದರಿಂದ ಮೂರು ದಿನ ಒಣಗಿಸಿದರೆ ಸಾಕು. ಜಿಮ್ನೋಕ್ಯಾಲಿಸಿಯಮ್‌ನ ಮರಿ ನೆಲ್ಲಿಕಾಯಿ ಗಾತ್ರವಾಗುವವರೆಗೆ ಕಾಯಿರಿ. ಬನ್ನಿ ಇಯರ್ ಅಥವಾ ಕಂಬದಂಥ ಕಳ್ಳಿಯನ್ನು ಚಾಕುವಿನಿಂದ ಕತ್ತರಿಸಿದರೆ ಗಾಯ ದೊಡ್ಡದು. ಏಳರಿಂದ ಹತ್ತು ದಿನ, ದಪ್ಪ ಕಾಂಡವಾದರೆ ಎರಡು ಮೂರು ವಾರ ಒಣಗಿಸಿ. ಪ್ರತಿ ಸಲ ಚಾಕುವಿಗೆ ಸರ್ಜಿಕಲ್ ಸ್ಪಿರಿಟ್ ಒರೆಸಿ.

ಬೀಜದಿಂದ ಬೆಳೆಸಲು ತಾಳ್ಮೆ ಬೇಕು. ಮ್ಯಾಮಿಲೇರಿಯಾದ ಹಣ್ಣು ಪುಟ್ಟ ಕೆಂಪು ಮೆಣಸಿನಕಾಯಿಯಂತಿರುತ್ತದೆ. ಬೀಜ ತೊಳೆದು ಒಣಗಿಸಿಡಿ. ಮಿಶ್ರಣವನ್ನು ನಯವಾಗಿ ಜರಡಿ ಹಿಡಿದು ತೇವ ಮಾಡಿ, ಕುಕ್ಕರಿನಲ್ಲಿ ವಿಷಲ್ ಇಲ್ಲದೆ ಅರ್ಧ ಗಂಟೆ ಹಬೆಯಲ್ಲಿಟ್ಟು ಆರಿಸಿ. ಬೀಜವನ್ನು ಮೇಲೆ ಉದುರಿಸಿ, ಮುಚ್ಚಬೇಡಿ. ಕುಂಡವನ್ನು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿ ನೆರಳಿನ ಬೆಳಕಿನಲ್ಲಿಟ್ಟರೆ ಒಂದೆರಡು ವಾರದಲ್ಲಿ ಸಾಸಿವೆಯಷ್ಟು ಹಸಿರು ಚುಕ್ಕಿಗಳು ಕಾಣಿಸುತ್ತವೆ. ಕವರನ್ನು ಒಂದೂವರೆ ತಿಂಗಳ ಮೇಲೆ ಸ್ವಲ್ಪಸ್ವಲ್ಪವೇ ತೆರೆಯಿರಿ. ಕಿತ್ತು ನೆಡುವ ಮಾತು ಮರುವರ್ಷಕ್ಕೆ.

ಕೆಂಪು, ಹಳದಿ ಚೆಂಡು ಹೊತ್ತ ಮೂನ್ ಕ್ಯಾಕ್ಟಸ್ ಬೇರೆಯೇ ಸಂಗತಿ. ಅದು ಎರಡು ಗಿಡ. ಮೇಲಿನದಕ್ಕೆ ಪತ್ರಹರಿತ್ತೇ ಇಲ್ಲ, ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಕೆಳಗಿನ ಮೂರು ಮೂಲೆಯ ಹಸಿರು ಕಾಂಡ ಡ್ರ್ಯಾಗನ್ ಫ್ರೂಟ್ ಜಾತಿಯದು, ಅದೇ ಸಾಕುತಾಯಿ. ಆದ್ದರಿಂದ ಚೆಂಡಿನ ಮರಿಯನ್ನು ಕಿತ್ತು ಮಣ್ಣಿನಲ್ಲಿ ನೆಟ್ಟರೆ ಬದುಕುವುದಿಲ್ಲ, ಕಸಿಯೇ ಕಟ್ಟಬೇಕು. ಬೇರೂರಿದ ಡ್ರ್ಯಾಗನ್ ಕಾಂಡವನ್ನು ಹತ್ತು ಸೆಂ.ಮೀ. ಎತ್ತರದಲ್ಲಿ ಸಮತಟ್ಟಾಗಿ ಕತ್ತರಿಸಿ, ಮೂರೂ ಮೂಲೆಗಳನ್ನು ಪೆನ್ಸಿಲ್ ಕೆತ್ತಿದಂತೆ ಓರೆಯಾಗಿ ಸವರಿ. ಮರಿಯ ಬುಡವನ್ನೂ ಸಮವಾಗಿ ಕತ್ತರಿಸಿ. ಎರಡರ ಕತ್ತರಿಸಿದ ಮುಖದ ಮಧ್ಯದಲ್ಲೂ ಒಂದೊಂದು ತೆಳು ಉಂಗುರ ಕಾಣುತ್ತದೆ. ಆ ಉಂಗುರಗಳು ಎಲ್ಲಾದರೂ ಒಂದನ್ನೊಂದು ಮುಟ್ಟಲೇಬೇಕು, ಇಲ್ಲದಿದ್ದರೆ ಕಸಿ ಕೂಡುವುದಿಲ್ಲ. ಗಾತ್ರ ಬೇರೆಬೇರೆಯಿದ್ದರೆ ಮರಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಕೂರಿಸಿ. ಗಾಯ ಒಣಗುವ ಮೊದಲೇ ಎರಡು ರಬ್ಬರ್ ಬ್ಯಾಂಡ್‌ಗಳನ್ನು ಕುಂಡದ ತಳದಿಂದ ಅಡ್ಡಡ್ಡ ಹಾಕಿ, ಹತ್ತು ದಿನ ನೆರಳಲ್ಲಿಡಿ. ಕತ್ತರಿಸಿದ ಜಾಗಕ್ಕೆ ಒಂದು ಹನಿ ನೀರೂ ತಾಗಬಾರದು. ಡ್ರ್ಯಾಗನ್ ಕಾಂಡಕ್ಕೆ ಒದ್ದೆ ಚಳಿ ಆಗದು. ಮಲೆನಾಡಿನಲ್ಲಿ ಮೂನ್ ಕ್ಯಾಕ್ಟಸ್ ಅಲ್ಪಾಯುಷಿಯಾಗುವುದು ಹೀಗೆ, ಮೇಲಿನ ಚೆಂಡು ಗಟ್ಟಿಯಿರುವಾಗಲೇ ಕೆಳಗಿನದು ಹಳದಿಯಾಗಿ ಮೆತ್ತಗಾಗುತ್ತದೆ. ಆಗ ಚೆಂಡನ್ನು ಹೊಸ ಕಾಂಡಕ್ಕೆ ಏರಿಸಬಹುದು.

ಮಳೆಗಾಲ

ಮೇ ಕೊನೆಯ ನೀರನ್ನೇ ಔಷಧಿ ನೀರು ಮಾಡಿ: ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಲೀಟರಿಗೆ 3 ಗ್ರಾಂ, ಮಣ್ಣು ನೆನೆಯುವಷ್ಟು. ಅಡಿಕೆ, ಕಾಳುಮೆಣಸು ಇರುವ ಮನೆಯಲ್ಲಿ ಇದು ಹೇಗೂ ಇರುತ್ತದೆ. ತಡೆಗೆ ಮಾತ್ರ ಇದು, ಕೊಳೆತ ಮೇಲೆ ಉಪಯೋಗವಿಲ್ಲ. ಮಣ್ಣು ಪೂರ್ತಿ ಒಣಗಿದ ನಂತರ, ಮೃಗಶಿರಾ ಮಳೆ ಹಿಡಿಯುವ ಮೊದಲು ಕುಂಡಗಳನ್ನು ಸೂರಿನಡಿ ತನ್ನಿ. ಜಗಲಿಯಾದರೆ ಎರಚಲು ತಾಗದಷ್ಟು ಒಳಗೆ. ತಾರಸಿಯಲ್ಲೇ ಇಡುವವರು ಪಾರದರ್ಶಕ ಶೀಟ್ ಹೊದಿಸಿ, ನಾಲ್ಕೂ ಬದಿ ತೆರೆದಿಡಿ. ನೀಲಿ ಟಾರ್ಪಾಲ್ ಬೆಳಕು ತಿನ್ನುತ್ತದೆ. ಬೆಚ್ಚಗಿರಲಿ ಎಂದು ಬಚ್ಚಲೊಲೆಯ ಅಟ್ಟದಲ್ಲಿಟ್ಟರೆ ಕೊಳೆಯುವುದಿಲ್ಲ ನಿಜ, ಕತ್ತಲಿಗೆ ಮೊಳಕೆಯಂತೆ ಬಿಳಿಚಿ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ಬಿಸಿಲು ಕಾಣದ ಕಡೆ ಬಿಳಿ ಎಲ್ಇಡಿ ದೀಪವನ್ನು ಗಿಡದಿಂದ ಒಂದು ಗೇಣು ಮೇಲೆ ಕಟ್ಟಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಿ. ಒಂದೆರಡು ಗಂಟೆ ಟೇಬಲ್ ಫ್ಯಾನ್ ಗಾಳಿಯೂ ಬೇಕು.

ಎರಡಿಂಚಿಗಿಂತ ಸಣ್ಣ ಗಿಡಗಳಿಗೆ ಮಳೆ ಬಿಡುವು ಕೊಟ್ಟ ದಿನ, ಮೂರು ವಾರಕ್ಕೊಮ್ಮೆ, ಒಂದೆರಡು ಚಮಚ ನೀರು. ದೊಡ್ಡವಕ್ಕೆ ಏನೂ ಬೇಡ. ಸ್ವಲ್ಪ ಕುಗ್ಗುತ್ತವೆ, ಪಕ್ಕೆ ಒಳಗೆ ಹೋಗುತ್ತದೆ. ಹೆದರಿ ನೀರು ಹಾಕುವುದೇ ಅಪಾಯ. ಸುಕ್ಕಾಗಿದ್ದೂ ಗಟ್ಟಿಯಿದ್ದರೆ ಬಾಯಾರಿಕೆ, ಮೆತ್ತಗಿದ್ದರೆ ಕೊಳೆ.

ಕೊಳೆ ಕಂಡ ದಿನವೇ ಕತ್ತಿಗೆ ಕೈ ಹಾಕಿ. ಮೇಲ್ಭಾಗ ಇನ್ನೂ ಗಟ್ಟಿಯಿದ್ದರೆ ಬುಡದಿಂದ ಮೇಲಕ್ಕೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತ ಹೋಗಿ, ಪ್ರತಿ ಬಿಲ್ಲೆಗೂ ಚಾಕು ಸ್ಪಿರಿಟ್‌ನಲ್ಲಿ ಒರೆಸಿ. ನಡುವಿನ ಉಂಗುರದಲ್ಲಿ ಕಂದು ಅಥವಾ ಕಿತ್ತಳೆ ಚುಕ್ಕಿ ಒಂದೇ ಒಂದು ಉಳಿದರೂ ಕೊಳೆ ಮೇಲೇರಿದೆ ಎಂದೇ ಅರ್ಥ. ಸ್ವಚ್ಛ ಹಸಿರು ಸಿಕ್ಕ ಮೇಲೆ ಗಂಧಕದ ಪುಡಿ ಸವರಿ, ತಲೆ ಮೇಲಾಗಿ ಒಣ ಲೋಟದ ಬಾಯಿಗೆ ಕೂರಿಸಿ ಬಿಡಿ. ಮಳೆಗಾಲ ಮುಗಿಯುವವರೆಗೆ ಅಲ್ಲೇ ಇರಲಿ. ಕೆಲವು ಮಣ್ಣಿಲ್ಲದೆಯೇ ಬೇರಿನ ಮೊಗ್ಗು ತೋರಿಸುತ್ತವೆ.

ಕಾಫಿ ಬೆಳೆಗಾರರಿಗೆ ಹಿಟ್ಟುತಿಗಣೆಯ (ಬಿಳಿ ಹಿಟ್ಟು ಮೆತ್ತಿದಂಥ, ರಸ ಹೀರುವ ಕೀಟ) ಪರಿಚಯ ಮಾಡಿಕೊಡಬೇಕಿಲ್ಲ. ಕಳ್ಳಿಯಲ್ಲಿ ಅದು ಮುಳ್ಳಿನ ಹತ್ತಿಯ ನಡುವೆ ಅಡಗುವುದರಿಂದ ಕಾಣುವುದು ತಡ. ಕುಂಡಕ್ಕೆ ಇರುವೆ ಸಾಲುಗಟ್ಟಿದರೆ ಅನುಮಾನಿಸಿ. ಇಯರ್ ಬಡ್ಡನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿ, ವಾರದಂತೆ ಮೂರು ಸಲ. ಬೇವಿನೆಣ್ಣೆ ಲೀಟರಿಗೆ 5 ಮಿ.ಲೀ., ಜೊತೆಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಸಿಂಪಡಿಸಲೂಬಹುದು. ಸಂಜೆ ಮಾತ್ರ, ಮರುದಿನ ಬಿಸಿಲು ತಾಗಿಸದೆ. ಕಾರಣವಿಲ್ಲದೆ ಗಿಡ ಸೊರಗಿದರೆ ಕುಂಡ ಬಿಚ್ಚಿ ನೋಡಿ, ಬೇರಿನಲ್ಲೂ ಬಿಳಿ ತಿಗಣೆ ಇರುತ್ತದೆ. ಬೇಸಿಗೆಯಲ್ಲಿ ನೆತ್ತಿಯ ಸುತ್ತ ತುಕ್ಕಿನಂತೆ ಕಂದು ಹಿಡಿದರೆ ಅದು ಕೆಂಪು ನುಸಿ. ಮಳೆಗಾಲದ ರಾತ್ರಿ ಬಸವನಹುಳು ಒಂದೇ ಸರದಿಯಲ್ಲಿ ಪುಟ್ಟ ಗಿಡದ ತಲೆಯನ್ನೇ ತಿಂದು ಹಾಕುತ್ತದೆ, ಸ್ಟ್ಯಾಂಡಿನ ಕಾಲುಗಳನ್ನು ಉಪ್ಪು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ಇಷ್ಟೆಲ್ಲ ಒಣಗಿಸಿಡುವ ಜಾಗವೇ ಇಲ್ಲ, ಮನೆ ಮುಂದೆಯೇ ಮಂಜು ಎನ್ನುವ ಕೊಟ್ಟಿಗೆಹಾರ, ಶೃಂಗೇರಿ ಕಡೆಯವರಿಗೆ ಬೇರೆ ದಾರಿಯಿದೆ. ಅಂಗಳದಲ್ಲಿ ಒಂದೇ ರಾತ್ರಿ ಅರಳಿ ಬಾಡುವ ನಮ್ಮ ಬ್ರಹ್ಮಕಮಲವೂ ಕ್ಯಾಕ್ಟಸ್ಸೇ. ಹಿಮಾಲಯದ ಬ್ರಹ್ಮಕಮಲ ಬೇರೆ ಗಿಡ. ಇದು ಮೆಕ್ಸಿಕೊ ಕಡೆಯ ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿ. ಎಲೆ ಎಂದು ನಾವು ನೆಡುವುದು ಅದರ ಚಪ್ಪಟೆ ಕಾಂಡ. ಒಂದು ಗೇಣು ತುಂಡು ಮಾಡಿ, ಎರಡು ಮೂರು ದಿನ ಒಣಗಿಸಿ, ಬುಡದ ಕಡೆಯನ್ನೇ ಎರಡು ಬೆರಳು ಆಳಕ್ಕೆ ನೆಡಿ. ತಲೆಕೆಳಗಾದರೆ ಸರಿಯಾಗಿ ಚಿಗುರುವುದಿಲ್ಲ. ಇದಕ್ಕೆ ಮಾತ್ರ ತೋಟದ ಎಲೆಮಣ್ಣು ಧಾರಾಳವಾಗಿ ಕೊಡಬಹುದು, ಮರದ ನೆರಳೂ ಆಗುತ್ತದೆ. ಬ್ರೆಜಿಲ್ ಕಾಡಿನ ಕ್ರಿಸ್ಮಸ್ ಕ್ಯಾಕ್ಟಸ್ ಕೂಡ ಇದೇ ಸ್ವಭಾವದ್ದು. ಎರಡು ಮೂರು ಗೆಣ್ಣಿನ ತುಂಡನ್ನು ತಿರುಚಿ ತೆಗೆದು, ಎರಡು ದಿನ ಒಣಗಿಸಿ ನೆಟ್ಟರೆ ಒಂದು ತಿಂಗಳಲ್ಲಿ ಬೇರು ಬರುತ್ತದೆ. ಹಗಲು ಕಿರಿದಾಗಿ ರಾತ್ರಿ ತಂಪೇರುವ ನವೆಂಬರ್‌ನಲ್ಲಿ ಮೊಗ್ಗು ಕಾಣಿಸಿದ ಮೇಲೆ ಕುಂಡವನ್ನು ಜಾಗ ಬದಲಿಸಬೇಡಿ, ತಿರುಗಿಸಲೂ ಬೇಡಿ, ಮೊಗ್ಗೆಲ್ಲ ಉದುರಿಸಿಬಿಡುತ್ತದೆ.